ಹಾಲಿಲ್ಲದ ಬರ್ಫ್

ಬೀದರ ಪೇಟೆಯ ತುಂಬ ನನಗೆ ಬರ್ಫಿನ ಹುಚ್ಚು ಎಂದು ಹೆಸರಾಗಿದ್ದ ಬೇಸಿಗೆಯಲ್ಲಿ ನಾನು ಬರ್ಫ್ ತಿಂದದ್ದು ಒಂದೇ ಒಂದು ಸಲ. ನಮ್ಮ ಕಡೆ ಮಂಜುಗಡ್ಡೆಗೂ ಬರ್ಫ್ ಎನ್ನುತ್ತಾರೆ, ಅದರಲ್ಲಿ ತಂಪು ಮಾಡಿದ ಸಿಹಿಗೂ ಬರ್ಫ್ ಎನ್ನುತ್ತಾರೆ. ಆ ಸಲದ ರುಚಿ ಇವತ್ತಿಗೂ ನಾಲಿಗೆಯ ಮೇಲಿದೆ. ಅದಕ್ಕಾಗಿ ನಾಚಿಕೆಯೂ ಇದೆ. ವಕೀಲರ ಮಗಳಿಗೆ ದಿನಾ ಬರ್ಫ್ ಇಲ್ಲದಿದ್ದರೆ ತುತ್ತು ಇಳಿಯುವುದಿಲ್ಲವಂತೆ, ನೆಲಕ್ಕೆ ಬಿದ್ದು ಹೊರಳಾಡುತ್ತಾಳಂತೆ, ಒಬ್ಬಳೇ ಮಗಳೆಂದು ಅಪ್ಪ ತಲೆಯ ಮೇಲೆ ಕೂಡಿಸಿಕೊಂಡಿದ್ದಾನಂತೆ ಎಂದು ಊರ ನಡುವಿನ ಕಾವಲು ಗೋಪುರ ಚೌಬಾರಾದ ಸುತ್ತಲಿನ ಅಂಗಡಿಗಳಲ್ಲಿ ಮಂದಿ ಆಡಿಕೊಳ್ಳುತ್ತಿದ್ದರು. ಆ ಮಾತು ಹಬ್ಬಿಸಿದವನು ಬೇರೆ ಯಾರೂ ಅಲ್ಲ, ನಮ್ಮ ಅಪ್ಪನೇ. ಕಳ್ಳನಿಗೊಂದು ಪಿಳ್ಳೆ ನೆವ ಎನ್ನುತ್ತಾರಲ್ಲ, ನಮ್ಮ ಮನೆಗೆ ಆ ನೆವ ನಾನಾಗಿದ್ದೆ. ಆಗ ನನಗೆ ಒಂಬತ್ತು ವರ್ಷ. ಹಟ ಮಾಡುವ ಹುಡುಗಿ ಎನ್ನುವ ಹೆಸರು ನನಗೆ ಮದುವೆಯ ತನಕ ಬಿಡಲಿಲ್ಲ. ಹಟ ಮಾಡುವುದು ಹೇಗೆ ಎನ್ನುವುದನ್ನು ಮಾತ್ರ ನಾನು ಕಲಿಯಲೇ ಇಲ್ಲ.

ನಮ್ಮ ಮನೆ ಹಳೆಯ ಊರಿನ ಒಂದು ಇಕ್ಕಟ್ಟಾದ ಓಣಿಯಲ್ಲಿತ್ತು. ಕೆಂಪು ಕಲ್ಲಿನ ದಪ್ಪ ಗೋಡೆ, ಮಣ್ಣಿನ ಮಾಳಿಗೆ, ನಡುವೆ ಚೌಕ, ಚೌಕದ ಸುತ್ತ ಪಡಸಾಲೆ. ಪಡಸಾಲೆಯ ಹಿಂದೆ ಅಡುಗೆಮನೆ, ಅದರ ಮಗ್ಗುಲಿಗೆ ಕಾಳು ತುಂಬಿಡುವ ಖೋಲಿ. ಆ ಖೋಲಿಗೆ ಕಿಟಕಿ ಇರಲಿಲ್ಲ, ಮಾಳಿಗೆಯಲ್ಲಿ ಅಂಗೈ ಅಗಲದ ಒಂದು ಬೆಳಕಿಂಡಿ ಮಾತ್ರ. ಆ ಬೇಸಿಗೆಯಲ್ಲಿ ಮುಂದಿನ ಬಾಗಿಲು ತೆರೆದದ್ದೇ ಕಡಿಮೆ. ಓಣಿಯ ಅರ್ಧ ಮನೆಗಳಿಗೆ ಬೀಗ ಬಿದ್ದಿತ್ತು. ಅನುಕೂಲ ಇದ್ದವರು ನಿಜಾಮನ ಸೀಮೆ ದಾಟಿ ಸೊಲ್ಲಾಪುರದ ಕಡೆ ಹೋಗಿದ್ದರು. ರಜಾಕಾರರು ಓಣಿಯಲ್ಲಿ ಹಾಯ್ದು ಹೋಗುವಾಗ ಅವರ ಬೂಟಿನ ಸದ್ದು ಮುಗಿಯುವ ತನಕ ಅವ್ವ ಒಲೆಯ ಮುಂದೆ ಕೈ ಎತ್ತಿದ್ದು ಎತ್ತಿದ ಹಾಗೆಯೇ ಕೂತಿರುತ್ತಿದ್ದಳು. ನಮಗೆ ಜೋರಾಗಿ ನಗುವ ಹಾಗಿರಲಿಲ್ಲ, ಜೋರಾಗಿ ಅಳುವ ಹಾಗಿರಲಿಲ್ಲ. ನಮ್ಮ ಮನೆಯ ಜಗಳಗಳು ಕೂಡ ಪಿಸುಮಾತಿನಲ್ಲೇ ನಡೆಯುತ್ತಿದ್ದವು. ಅತ್ತೆ ಸೊಸೆಯರು ಒಬ್ಬರ ಕಿವಿಗೊಬ್ಬರು ಬಾಯಿ ಹಚ್ಚಿ ಬೈದಾಡುವುದನ್ನು ನೀವು ನೋಡಿರಲಿಕ್ಕಿಲ್ಲ, ನಾನು ನೋಡಿದ್ದೇನೆ. ಮುಂದೆ ನಾನು ಸಾಲಿಯ ಮಾಸ್ತರಿಣಿಯಾಗಿ ‘ಬಾಯಿ’ ಎನ್ನಿಸಿಕೊಂಡಾಗ ಹಿಂದಿನ ಸಾಲಿನ ಹುಡುಗರು, “ಕೇಳಸಂಗಿಲ್ರಿ ಬಾಯಿ” ಎಂದು ದಿನವೂ ಕೂಗುತ್ತಿದ್ದರು. ಕೂಗಬೇಕೆಂದು ಬಾಯಿ ತೆರೆದರೆ ದನಿ ಗಂಟಲಲ್ಲೇ ನಿಲ್ಲುತ್ತಿತ್ತು.

ನಾವೂ ಊರು ಬಿಟ್ಟು ಹೋಗಬಹುದಿತ್ತು. ಹೋಗದೆ ಇದ್ದದ್ದು ಆ ಕಾಳಿನ ಖೋಲಿಯ ಸಲುವಾಗಿ. ಅಪ್ಪನ ತಮ್ಮ ವಸಂತಕಾಕಾ ಗಡಿಯಾಚೆಯ ಹೋರಾಟಗಾರರನ್ನು ಸೇರಿದ್ದ. ಅವನ ಮೇಲೆ ವಾರಂಟು ಇತ್ತು. ಅವನು ಸೊಲ್ಲಾಪುರಕ್ಕೆ ಹೋಗಿದ್ದಾನೆ, ಕಾಗದವಿಲ್ಲ ಪತ್ರವಿಲ್ಲ ಎಂದು ಅಪ್ಪ ಎಲ್ಲರಿಗೂ ಹೇಳುತ್ತಿದ್ದ. ಅದು ನಿಜವೂ ಆಗಿತ್ತು. ಆದರೆ ಬಿಸಿಲು ಏರುವ ದಿನಗಳಲ್ಲಿ ಒಂದು ಬೆಳಗಿನ ಜಾವ ಆಯಿಯ ತವರೂರು ಚಿಂತಾಕಿಯಿಂದ ಮಾವಿನಕಾಯಿ ಹೇರಿಕೊಂಡು ಬಂದ ಗಾಡಿಯಲ್ಲಿ ಕಾಯಿಯ ಹುಲ್ಲಿನ ಕೆಳಗೆ ಕಾಕಾನೂ ಬಂದ. ಆಯಿ ಎಂದರೆ ಅಪ್ಪನ ತಾಯಿ, ನನ್ನ ಅಜ್ಜಿ. ಅವಳು ಹುಲ್ಲು ಸರಿಸಿ ಅವನ ಹಣೆ ಮುಟ್ಟಿ ಕೈ ಹಿಂದಕ್ಕೆ ತೆಗೆದಳು, ಅಷ್ಟು ಜ್ವರ. ಮಾವಿನಕಾಯಿಯನ್ನೂ ಕಾಕಾನನ್ನೂ ಒಂದೇ ಖೋಲಿಗೆ ಸಾಗಿಸಿದರು. ಜೋಳದ ಚೀಲಗಳ ಹಿಂದೆ ಒಂದು ಕಡೆ ಅವನ ಹಾಸಿಗೆ, ಇನ್ನೊಂದು ಕಡೆ ಹಣ್ಣಾಗಲೆಂದು ಹುಲ್ಲಿನಲ್ಲಿ ಅಡಿ ಹಾಕಿದ ಕಾಯಿ. ಕಾಯಿ ಹಣ್ಣಾಗುತ್ತ ಹೋಯಿತು, ಕಾಕಾ ಸೊರಗುತ್ತ ಹೋದ. ಈಗಲೂ ಹಣ್ಣಾದ ಮಾವಿನ ವಾಸನೆ ಬಂದರೆ ನನಗೆ ಮೊದಲು ಜ್ವರ ನೆನಪಾಗುತ್ತದೆ.

ಡಾಕ್ಟರರನ್ನು ಮನೆಗೆ ಕರೆಯುವಂತಿರಲಿಲ್ಲ. ಯಾರೋ ಕಕ್ಷಿದಾರನ ಮಗನಿಗೆ ಹೀಗಾಗಿದೆ ಎಂದು ಅಪ್ಪ ಸುತ್ತುಬಳಸಿ ಕೇಳಿಕೊಂಡು ಬಂದ. ಇದು ಇಪ್ಪತ್ತೊಂದು ದಿನದ ವಿಷಮಜ್ವರ, ಜ್ವರ ನೆತ್ತಿಗೇರದಂತೆ ತಲೆಯ ಮೇಲೆ ಬರ್ಫ್ ಇಡಬೇಕು, ಇಪ್ಪತ್ತೊಂದು ದಾಟಿದರೆ ಬದುಕಿದ ಎಂದು ಡಾಕ್ಟರರು ಹೇಳಿದರಂತೆ. ಬರ್ಫ್ ಆಗ ಬೀದರದಲ್ಲಿ ಹುಟ್ಟುತ್ತಿರಲಿಲ್ಲ. ಹೈದರಾಬಾದಿನಿಂದ ರೈಲಿನಲ್ಲಿ, ಗೋಣಿತಟ್ಟಿನಲ್ಲಿ ಕಟ್ಟಿಗೆಯ ಪುಡಿ ಹಾಕಿ ಸುತ್ತಿಕೊಂಡು ಬರುತ್ತಿತ್ತು. ಬರುವಷ್ಟರಲ್ಲಿ ಅರ್ಧ ಕರಗಿರುತ್ತಿತ್ತು. ಟಾಂಗಾ ಹೊಡೆಯುವ ಮಸ್ತಾನಚಾಚಾ ಸ್ಟೇಶನ್ನಿನಿಂದ ದಿನಾ ನಾಲ್ಕು ಸೇರು ತಂದು ಹಿತ್ತಲ ಬಾಗಿಲಲ್ಲಿ ಇಟ್ಟು ಹೋಗುತ್ತಿದ್ದ. ಬಡವನ ಮನೆಗೆ ಬರ್ಫ್ ಬಂದರೂ ಸುದ್ದಿ, ವಕೀಲನ ಮನೆಗೆ ಬಂದರೂ ಸುದ್ದಿ. ಅದಕ್ಕೇ ನನ್ನ ಹಟ ಹುಟ್ಟಿಕೊಂಡಿತು. ನಮ್ಮ ಮನೆಯಲ್ಲಿ ಬರ್ಫಿನ ಬಕೀಟು ಒಂದಿತ್ತು, ಕಟ್ಟಿಗೆಯದು, ಒಳಗೊಂದು ತಗಡಿನ ಡಬ್ಬಿ, ಮೇಲೆ ತಿರುಗಿಸುವ ಹಿಡಿಕೆ. ಹಿಂದಿನ ಬೇಸಿಗೆಗಳಲ್ಲಿ ಹಾಲು ಕುದಿಸಿ ಗಟ್ಟಿ ಮಾಡಿ ಅದರಲ್ಲಿ ತಂಪು ಮಾಡಿ ತಿಂದಿದ್ದೆವು. ಆ ಬಕೀಟನ್ನು ಅಪ್ಪ ಅಟ್ಟದಿಂದ ಇಳಿಸಿ, ಬಂದವರ ಕಣ್ಣಿಗೆ ಬೀಳಲೆಂದು ಚೌಕದಲ್ಲಿ ಇಟ್ಟ.

ಹಾಲು ಮಾತ್ರ ಮನೆಗೆ ಬರುವಂತಿರಲಿಲ್ಲ. ಚಿದ್ರಿಯಿಂದ ಹಾಲು ತರುವ ತುಳಜಾಬಾಯಿ ನೇರ ಅಡುಗೆಮನೆಯ ತನಕ ಬಂದು, ಚರಿಗೆಗೆ ಹಾಲು ಸುರಿದು, ಕೂತು ಎಲೆ ಅಡಿಕೆ ಹಾಕಿಕೊಂಡು ಹೋಗುವ ಹೆಂಗಸು. ಖೋಲಿಯ ಬಾಗಿಲು ಅವಳ ಬೆನ್ನಿಗೇ ಇತ್ತು. ಅವಳನ್ನು ಬಿಡಿಸಲು ಆಯಿ ಬೇಕೆಂದೇ ಜಗಳ ತೆಗೆದಳು.

“ನಿನ್ನ ಹಾಲಿನ್ಯಾಗ ಹಾಲ್ಯಾವುದು, ನೀರ್ಯಾವುದು ತಿಳೀವಲ್ದು. ನಾಳಿಂದ ಬರಬ್ಯಾಡ.”

“ಅಯ್ಯ ಯವ್ವಾ, ಹನ್ನೆರ್ಡ ವರ್ಷ ಆತ್ರಿ ನಿಮ್ಮ ಮನಿಗಿ ಹಾಲ ಹಾಕ್ಲತ್ತು. ಈ ಕೂಸಿನ ಬಾಯಿಗಿ ಮೊದಲ ಹಾಲ ಬಿಟ್ಟಾಕಿ ನಾನs ಅದೇನಿ.”

“ಬಿಟ್ಟಿದ್ದಿ, ಆತು. ಈಗ ಸಾಕು.”

ತುಳಜಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡು ಹೋದಳು. ಹಾಲಿಗೆ ನೀರು ಹಾಕಿದವಳಲ್ಲ ಅವಳು. ಆಯಿ ಆ ದಿನ ಊಟ ಮಾಡಲಿಲ್ಲ. ಅಂದಿನಿಂದ ಮನೆಯಲ್ಲಿ ಹಾಲಿಲ್ಲ, ಮೊಸರಿಲ್ಲ, ಮಜ್ಜಿಗೆಯಿಲ್ಲ. ಜೋಳದ ರೊಟ್ಟಿ, ಬ್ಯಾಳಿ, ಹುಣಸೆಹುಳಿ, ಮೇಲೆ ಮಾವಿನಹಣ್ಣು. ಬರ್ಫ್ ದಿನಾ ಬರುತ್ತಿತ್ತು, ದಿನಾ ಖೋಲಿಗೆ ಹೋಗುತ್ತಿತ್ತು. ಒಂದು ದಿನ ಕಾಕಾನ ತಲೆಯ ಮೇಲಿನ ಬಟ್ಟೆಯಿಂದ ಜಾರಿದ ಗೋಲಿಯಷ್ಟು ತುಂಡನ್ನು ನಾನು ಬಾಯಿಗೆ ಹಾಕಿಕೊಂಡೆ. ಕಾಕು, ಎಂದರೆ ಕಾಕಾನ ಹೆಂಡತಿ ಕಮಲಾ, ಭಾಲ್ಕಿಯ ಕಡೆಯವಳು, ಮದುವೆಯಾಗಿ ಎರಡು ವರ್ಷವೂ ಆಗಿರಲಿಲ್ಲ. ಅವಳು ನೋಡಿದಳು. ಬೈಯಲಿಲ್ಲ. ನನ್ನ ಗದ್ದದ ಕೆಳಗೆ ಅಂಗೈ ಒಡ್ಡಿ ಸುಮ್ಮನೆ ನಿಂತಳು. ನಾನು ಉಗುಳಿದೆ. ಅವಳು ಅದನ್ನು ತೊಳೆದು ಮತ್ತೆ ಬಟ್ಟೆಯಲ್ಲಿ ಕಟ್ಟಿದಳು.

ಜ್ವರದ ಹತ್ತೊಂಬತ್ತನೆಯ ದಿನ ಮಧ್ಯಾಹ್ನ ಮುಂದಿನ ಬಾಗಿಲು ಬಡಿದ ಸದ್ದಾಯಿತು. ಮಸ್ತಾನಚಾಚಾ ಆಗಷ್ಟೇ ಬರ್ಫ್ ಇಟ್ಟು ಹೋಗಿದ್ದ, ಗೋಣಿತಟ್ಟನ್ನು ಇನ್ನೂ ಬಿಚ್ಚಿರಲಿಲ್ಲ. ಬಂದವರು ಅಮೀನ ಸಾಹೇಬರು. ಆಗ ಠಾಣೆಯ ಅಧಿಕಾರಿಯನ್ನು ಅಮೀನ ಎನ್ನುತ್ತಿದ್ದರು. ಅಪ್ಪನಿಗೆ ಕೋರ್ಟಿನಲ್ಲಿ ಪರಿಚಯದವರು, ಮಾತು ಮೃದು, ಗಡ್ಡ ನೀಟಾಗಿ ಕತ್ತರಿಸಿಕೊಂಡವರು. ನಮ್ಮದೇ ಜಿಲ್ಲೆಯವರಾದ್ದರಿಂದ ಕನ್ನಡ ನಮ್ಮ ಹಾಗೇ ಆಡುತ್ತಿದ್ದರು. ಒದರಾಡುವವರಾಗಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲವೇನೋ. ಇಬ್ಬರು ಜವಾನರನ್ನು ಬಾಗಿಲ ಹೊರಗೆ ನಿಲ್ಲಿಸಿ, ಬೂಟು ಕಳಚಿ ಪಡಸಾಲೆಗೆ ಬಂದು ಕೂತರು.

“ವಕೀಲಸಾಬ್, ಕಚೇರಿಗಿ ಬರೂದೇ ಬಿಟ್ಟೀರಿ. ತಬಿಯತ್ ಹ್ಯಾಂಗ ಅದರಿ?”

“ಬಿಸಲ ಭಾಳ ಅದರಿ, ಅಮೀನಸಾಬ್.”

“ಬಿಸಲಿಗಿ ಛಲೋ ದವಾ ಹುಡಿಕೀರಿ ಬಿಡ್ರಿ. ದಿನಾ ನಾಕ ಸೇರ ಬರ್ಫ್ ಅಂತ. ನಮ್ಮ ಠಾಣೆಕ್ಕ ವಾರಕ್ಕೊಂದ ತುಕಡಿ ಸಿಗಂಗಿಲ್ಲ.”

“ಹುಡಗಿ ಹಟ ಅದರಿ. ಕೇಳಂಗಿಲ್ಲ.”

ಅಮೀನ ಸಾಹೇಬರು ನನ್ನ ಕಡೆ ತಿರುಗಿದರು. ನಕ್ಕರು. ನಗು ಸುಳ್ಳಿನದಾಗಿರಲಿಲ್ಲ, ಅವರಿಗೂ ನನ್ನ ವಾರಿಗೆಯ ಮಗಳೊಬ್ಬಳು ಇದ್ದಳು.

“ಹೌದೇನ್ ಬೇಟಾ? ಹ್ಯಾಂಗ ಮಾಡ್ತಾರ ಆ ಬರ್ಫ್?”

ಆ ಬೇಸಿಗೆಯಲ್ಲಿ ನಾನು ಬರ್ಫ್ ಮಾಡಿದ್ದು ನೋಡಿಯೇ ಇರಲಿಲ್ಲ. ಹಿಂದಿನ ವರ್ಷದ್ದೇ ನೆನಪಾಯಿತು. ಜಾಣೆಯ ಹಾಗೆ ಪಟಪಟ ಹೇಳಿಬಿಟ್ಟೆ.

“ಮೊದಲ ಹಾಲ ಕುದಸ್ತಾರ್ರಿ. ಗಟ್ಟಿ ಆಗೂತನ.”

“ಹಾಲು?” ಅವರು ಅಪ್ಪನ ಕಡೆ ನೋಡಿದರು. “ತುಳಜಾಬಾಯಿ ನಮ್ಮ ಮನಿಗೂ ಹಾಲ ಹಾಕ್ತಾಳ್ರಿ. ನೀವ್ ಬಿಡಿಸಿ ಎಷ್ಟೋ ದಿನ ಆತು ಅಂತ ಅಳ್ತಾಳ.”

ಅಪ್ಪ ಕೋರ್ಟಿನಲ್ಲಿ ಎದುರು ವಕೀಲನ ಬಾಯಿ ಮುಚ್ಚಿಸುವವನು. ಆ ಹೊತ್ತು ಅವನು ಧೋತರದ ಅಂಚು ತಿಕ್ಕುತ್ತ ಕೂತ. ಅಡುಗೆಮನೆಯ ಬಾಗಿಲಿಗೆ ಆನಿಕೊಂಡು ಕೂತಿದ್ದ ಆಯಿ ಮೊಣಕಾಲ ಮೇಲೆ ಕೈಯೂರಿ ಎದ್ದಳು.

“ಅದು ಮೊದಲ ಮಾತರಿ. ಈಗ ಹಾಲ ಹಾಕಂಗಿಲ್ಲ, ಬರೇ ಹಣ್ಣು. ಬರ್ಫ್ ಈಗs ಬಂದದ. ಮಾಡಿ ಕೊಡ್ತೇವಿ, ಕುಂದರ್ರಿ. ಮನಿಗಿ ಬಂದವ್ರು ಹಂಗs ಹೋಗಬಾರದು.”

ಕಾಕು ಅಡುಗೆಮನೆಯಿಂದ ಆಯಿಯನ್ನು ನೋಡಿದ ನೋಟ ನನಗೆ ಈಗಲೂ ಕಾಣುತ್ತದೆ. ಮನೆಯಲ್ಲಿ ಇದ್ದದ್ದು ಅಷ್ಟೇ ಬರ್ಫ್. ಅದನ್ನು ಬಕೀಟಿಗೆ ಹಾಕಿದರೆ ಕಾಕಾನ ತಲೆಗೆ ಇಲ್ಲ. ಹಾಕದಿದ್ದರೆ ಖೋಲಿಯ ಬಾಗಿಲು ಇವತ್ತೇ ತೆರೆಯುತ್ತದೆ. ಆಯಿ ಅವಳ ಕಡೆ ನೋಡದೆ ಗೋಣಿತಟ್ಟು ಬಿಚ್ಚಿದಳು, ಕಟ್ಟಿಗೆಯ ಪುಡಿ ತೊಳೆದಳು, ಬರ್ಫನ್ನು ಚೌಕದ ಕಲ್ಲಿನ ಮೇಲಿಟ್ಟು ಗುಂಡುಕಲ್ಲಿನಿಂದ ಒಡೆದಳು. ಅವ್ವ ಖೋಲಿಗೆ ಹೋಗಿ ಉಡಿಯಲ್ಲಿ ಹಣ್ಣು ತಂದಳು. ಎಂಟು ಹಣ್ಣು ತರಲು ಅಷ್ಟು ಹೊತ್ತೇಕೆ ಎಂದು ಅಮೀನ ಸಾಹೇಬರು ಕೇಳಲಿಲ್ಲ. ಹಣ್ಣು ಹಿಂಡಿ, ನಾರು ಸಿಗದ ಹಾಗೆ ತೆಳುಬಟ್ಟೆಯಲ್ಲಿ ಸೋಸಿ, ಬೆಲ್ಲ ಕರಗಿಸಿ, ಯಾಲಕ್ಕಿ ಕುಟ್ಟಿ ಹಾಕಿ ಡಬ್ಬಿ ತುಂಬಿದರು. ಡಬ್ಬಿಯ ಸುತ್ತ ಒಂದು ಪದರ ಬರ್ಫ್, ಅದರ ಮೇಲೆ ಒಂದು ಹಿಡಿ ಕಲ್ಲುಪ್ಪು, ಮತ್ತೆ ಬರ್ಫ್, ಮತ್ತೆ ಉಪ್ಪು. ಉಪ್ಪು ಬಿದ್ದರೇ ಬರ್ಫಿಗೆ ಹಣ್ಣನ್ನು ಹಿಡಿದಿಡುವ ತಾಕತ್ತು ಬರುವುದು. ಹಿಡಿಕೆ ತಿರುಗಿಸುವುದು ನನ್ನ ಕೆಲಸ. ಹಟ ನನ್ನದಲ್ಲವೇ!

ನಾನು ತಿರುಗಿಸಲು ಹತ್ತಿದೆ. ಒಣಗಿದ ಹಿಡಿಕೆ ಕರ್ ಕರ್ ಎನ್ನುತ್ತಿತ್ತು. ಸ್ವಲ್ಪ ಹೊತ್ತಿಗೆ ತೋಳು ಸೋತು ನಿಂತೆ. ನಿಂತ ಕೂಡಲೇ ಒಳಗಿನಿಂದ ಕಾಕಾನ ದನಿ ಕೇಳಿಸಿತು. ಜ್ವರ ಏರಿದಾಗ ಅವನು ಬಡಬಡಿಸುತ್ತಿದ್ದ. ಜೋಳದ ಚೀಲಗಳನ್ನು ಹಾಯ್ದು ಬಂದ ದನಿ ಸಣ್ಣದಾಗಿತ್ತು, ಆದರೆ ಇತ್ತು. ಮತ್ತೆ ಹಿಡಿಕೆಗೆ ಜೋತುಬಿದ್ದೆ. ಎರಡೂ ಕೈಯಿಂದ, ಮೈಯೆಲ್ಲ ಬಗ್ಗಿಸಿ, ಸದ್ದು ಎಷ್ಟು ಬರಬೇಕೋ ಅಷ್ಟು ಬರುವ ಹಾಗೆ ತಿರುಗಿಸಿದೆ. ಹಣ್ಣು ಗಟ್ಟಿಯಾದಂತೆ ಹಿಡಿಕೆ ಭಾರವಾಗುತ್ತದೆ. ಅಂಗೈ ಬೊಬ್ಬೆ ಬಂದು ಒಡೆಯಿತು, ಒಡೆದಲ್ಲಿ ಉಪ್ಪುನೀರು ಹತ್ತಿ ಉರಿಯಿತು. ನಿಲ್ಲಿಸಲಿಲ್ಲ.

“ಹುಡಗಿ ಖರೇನೇ ಹಟಮಾರಿ ಅದ” ಎಂದರು ಅಮೀನ ಸಾಹೇಬರು.

ಡಬ್ಬಿ ತೆರೆದಾಗ ಬರ್ಫ್ ಕಟ್ಟಿತ್ತು. ಅರಿಶಿಣದ ಬಣ್ಣ, ಮೇಲೆ ಸಣ್ಣ ಹರಳು. ನಾನು ಅಡುಗೆಮನೆಗೆ ಓಡಿ ಬಟ್ಟಲು ಜೋಡಿಸಿದೆ. ಇಲ್ಲಿಯೇ ನಾನು ಎರಡನೆಯ ತಪ್ಪು ಮಾಡಿದ್ದು. ದಿನಾ ಊಟಕ್ಕೆ ನಾನೇ ತಾಟು ಹಾಕುವವಳು. ಅಪ್ಪ, ಅವ್ವ, ಆಯಿ, ಕಾಕು, ನಾನು, ಆರನೆಯದು ಕಾಕಾನಿಗೆ. ಕೈ ರೂಢಿಯಂತೆ ಆರು ಇಟ್ಟಿತು. ಬಂದವರಿಗೆ ಇನ್ನೊಂದು ಎಂದು ಏಳನೆಯದನ್ನೂ ಇಟ್ಟೆ. ಅವ್ವನ ಕಿವಿ ಖೋಲಿಯ ಕಡೆಗಿತ್ತು, ಅವಳೂ ಎಣಿಸದೆ ತುಂಬಿದಳು. ನಾನು ಬಟ್ಟಲು ಜೋಡಿಸಿದ ಪರಾತ ಹಿಡಿದು ಪಡಸಾಲೆಗೆ ಬಂದೆ. ಅಮೀನ ಸಾಹೇಬರು ತಮ್ಮ ಬಟ್ಟಲು ತೆಗೆದುಕೊಂಡರು. ಉಳಿದವುಗಳ ಮೇಲೆ ಬೆರಳಾಡಿಸಿದರು.

“ಇದು ನಂದು. ವಕೀಲಸಾಬ್‌ದು, ಅಮ್ಮಂದು, ಒಳಗಿನ ಇಬ್ಬರದು, ನಿಂದು. ಆರು ಆತು.” ಅವರ ಬೆರಳು ನಿಂತಿತು. “ಈ ಏಳನೇದು ಯಾರದು ಬೇಟಾ?”

ನಾನು ನೆಲ ನೋಡಿದೆ. ಒಳಗೆ ಕಾಕಾ ಸುಮ್ಮನಾಗಿದ್ದ. ಆಗ ಆಯಿ ಹೇಳಿದಳು. ಅವಳ ದನಿ ಎಂದಿನಂತೆಯೇ ಇತ್ತು.

“ಅದು ಎಡಿರಿ. ನನ್ನ ಸಣ್ಣ ಮಗಂದು.”

ಎಡೆ ಎಂದರೆ ಸತ್ತವರಿಗೆ ತೆಗೆದಿಡುವ ಪಾಲು. ಅಪ್ಪ ಕತ್ತು ಹೊರಳಿಸಿ ತಾಯಿಯನ್ನು ನೋಡಿದ.

“ವಸಂತರಾವ್?” ಎಂದರು ಅಮೀನ ಸಾಹೇಬರು.

“ಸೊಲ್ಲಾಪುರದಾಗ ಹೋದ್ನಂತ್ರಿ, ಜ್ವರ ಬಂದು. ಸುದ್ದಿ ಬಂದು ಹದಿನೈದ್ ದಿನ ಆತು. ಹಣ್ಣಂದ್ರ ಭಾಳ ಜೀವ ಅವ್ನಿಗಿ. ಎಡಿ ಇಡದ ನಾವ್ ತಿನ್ನಂಗಿಲ್ಲ.”

“ಓಣ್ಯಾಗ ಯಾರೂ ಹೇಳಲಿಲ್ಲ.”

“ಯಾರಿಗಿ ಹೇಳಬೇಕ್ರಿ? ವಾರಂಟ್ ಇದ್ದಾವ್ನ ಸಲುವಾಗಿ ಅಳ್ಬೇಕಂದ್ರೂ ಈಗ ಹುಕುಂ ಬೇಕು.” ಆಯಿ ಅಡುಗೆಮನೆಯ ಕಡೆ ತಿರುಗಿದಳು. “ಕಮಲಾ, ಬಾ. ನಿನ್ನ ಗಂಡನ ಎಡಿ ಒಯ್ಯಿ.”

ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ನನಗೆ ಬಹಳ ಹೊತ್ತೆನಿಸಿತು. ಕಾಕು ಹೊರಗೆ ಬಂದಳು. ತಲೆಯ ತುಂಬ ಸೆರಗು, ಹಣೆಯ ಮೇಲೆ ಕುಂಕುಮವಿಲ್ಲ. ಬೆಳಿಗ್ಗೆ ನಾನೇ ಅವಳ ಮುಂದೆ ಕನ್ನಡಿ ಹಿಡಿದಿದ್ದೆ, ಕಾಸಿನಗಲ ಕುಂಕುಮ ಇಟ್ಟುಕೊಂಡಿದ್ದಳು. ತಾಳಿ ಕುಪ್ಪಸದ ಒಳಗೆ ಹೋಗಿತ್ತು. ಬಾಗಿ ಏಳನೆಯ ಬಟ್ಟಲು ಎತ್ತಿಕೊಂಡಳು. ಆಗ ಕೈಯಲ್ಲಿನ ಹಸಿರು ಬಳೆಗಳು ಒಂದಕ್ಕೊಂದು ತಾಗಿ ಸದ್ದಾದವು.

ಹಣೆ ಒರೆಸಿಕೊಂಡವಳು ಬಳೆ ಮರೆತಿದ್ದಳು. ನನಗೆ ಕೇಳಿಸಿತು, ಅಪ್ಪನಿಗೆ ಕೇಳಿಸಿತು. ಅಮೀನ ಸಾಹೇಬರ ಕಣ್ಣು ಅವಳ ಕೈಯ ಮೇಲೆ ಒಂದು ಗಳಿಗೆ ನಿಂತು ಕೆಳಗಿಳಿಯಿತು. ಕಾಕು ದೇವರಮನೆಯ ಬಾಗಿಲಲ್ಲಿ ಬಟ್ಟಲನ್ನು ತೆರೆದೇ ಇಟ್ಟು ಒಳಗೆ ಹೋದಳು. ಅಮೀನ ಸಾಹೇಬರು ತಲೆಯ ಟೋಪಿ ಸರಿಮಾಡಿಕೊಂಡು ಬರ್ಫ್ ತಿನ್ನಲು ಹತ್ತಿದರು. ನಮಗೂ ತಿನ್ನದೆ ಗತಿಯಿರಲಿಲ್ಲ. ನಾನು ಒಂದು ಚಮಚ ಬಾಯಿಗಿಟ್ಟೆ. ಹೇಗೆ ಹೇಳಲಿ? ರುಚಿಯಾಗಿತ್ತು. ಹಲ್ಲು ಜುಮ್ಮೆಂದು, ನೆತ್ತಿಯ ತನಕ ತಂಪೇರಿ, ಹಿಂದೆಯೇ ಮಾವಿನ ಸಿಹಿ ಬಂತು. ಹಾಲು ಹಾಕಿದ ಬರ್ಫ್‌ಗೆ ಆ ಸಿಹಿ ಇರಲಿಲ್ಲ. ಒಳಗೆ ಕಾಕಾನ ತಲೆ ಸುಡುತ್ತಿದೆ, ನಾನು ತಿನ್ನುತ್ತಿರುವುದು ಅವನ ಬರ್ಫ್ ಎಂದು ಗೊತ್ತಿದ್ದೂ ಬಟ್ಟಲು ಬಳಿದು ತಿಂದೆ. ಆ ವಯಸ್ಸಿನ ನನ್ನನ್ನು ನಾನು ಇನ್ನೂ ಪೂರ್ತಿ ಕ್ಷಮಿಸಿಲ್ಲ.

ಏಳುವಾಗ ಅಮೀನ ಸಾಹೇಬರು ಆಯಿಗೆ, “ಕೊಟ್ಟಾವ ಅವನು, ತಗೊಂಡಾವ ಅವನು. ಸಬರ್ ಮಾಡ್ರಿ, ತಾಳ್ಕೋರಿ ಅಮ್ಮಾ” ಎಂದರು. ಬೂಟು ಹಾಕಿಕೊಳ್ಳುತ್ತ ನನ್ನ ತಲೆಯ ಮೇಲೆ ಕೈಯಿಟ್ಟರು.

“ನಿನ್ನ ಹಟ ಪೇಟ್ಯಾಗ ಭಾಳ ಸುದ್ದಿ ಆಗ್ಯದ, ಬೇಟಾ. ನಾಳಿಂದ ಬರ್ಫ್ ತರಿಸಬ್ಯಾಡ. ನಾನಂದ್ರ ಒಬ್ಬನೇ ಒಳಗ ಬಂದೇನಿ. ಬ್ಯಾರೇದವ್ರು ಬಂದ್ರ ತಿಂದು ಹೋಗಂಗಿಲ್ಲ.”

ಬಾಗಿಲು ಹಾಕಿದ ಮೇಲೆ ಆಯಿ ನನ್ನ ಎರಡೂ ಕೆನ್ನೆಗೆ ಹೊಡೆದಳು. ಸದ್ದಾಗದಂತೆ ಹೊಡೆಯುವುದನ್ನು ಅವಳು ಕಲಿತಿದ್ದಳು. ಆಮೇಲೆ ದೇವರ ಮುಂದೆ ಹೋಗಿ ತನ್ನ ಕೆನ್ನೆಗೂ ಹೊಡೆದುಕೊಂಡಳು, ಎಷ್ಟು ಸಲ ಎಂದು ನಾನು ಎಣಿಸಲಿಲ್ಲ. ಕಾಕು ಅವಳ ಕಿವಿಯ ಹತ್ತಿರ ಬಾಗಿದಳು.

“ನಿಮಗ ಬ್ಯಾರೆ ಸುಳ್ಳ ಸಿಗಲಿಲ್ಲೇನ್ರಿ, ಅತ್ತಿ?”

ಆಯಿ ಬಕೀಟಿನ ಹತ್ತಿರ ಬಂದಳು. ಡಬ್ಬಿಯ ಸುತ್ತ ಉಪ್ಪು ಬೆರೆತ ಬರ್ಫಿನ ಚೂರು ಇನ್ನೂ ಎರಡು ಬೊಗಸೆ ಉಳಿದಿತ್ತು. ಅದನ್ನು ಅಪ್ಪನ ಧೋತರದ ತುಂಡಿನಲ್ಲಿ ಕಟ್ಟಿ ಕಾಕಾನ ಹಣೆಯ ಮೇಲಿಟ್ಟಳು. ಉಪ್ಪಿನ ಬರ್ಫ್ ಬರಿಯ ಬರ್ಫಿಗಿಂತ ಎಷ್ಟೋ ತಂಪು, ಮೈಗಿಟ್ಟರೆ ಚರ್ಮ ಸುಡುತ್ತದೆ ಎನ್ನುವುದು ನಮಗೆ ಯಾರಿಗೂ ತಿಳಿದಿರಲಿಲ್ಲ. ಕರಗುವ ತನಕ ಆಯಿ ಕೈ ತೆಗೆಯಲಿಲ್ಲ. ಮರುದಿನ ಕಾಕಾನ ಜ್ವರ ಇಳಿಮುಖವಾಯಿತು. ಹಣೆಯ ನಡುವೆ ಬೊಬ್ಬೆ ಎದ್ದು, ಒಡೆದು, ಕಾಸಿನಗಲದ ಕರಿಕಲೆ ಉಳಿಯಿತು. ಕಾಕು ಕುಂಕುಮ ಒರೆಸಿಕೊಂಡ ಜಾಗದಷ್ಟೇ ಅಗಲ. ಅದನ್ನು ನೋಡಿದಾಗಲೆಲ್ಲ ಆಯಿ ಮುಖ ತಿರುಗಿಸುತ್ತಿದ್ದಳು. ಹೆತ್ತವಳ ಬಾಯಿಂದಲೇ ಆ ಮಾತು ಬಂತಲ್ಲ ಎಂದು ಅವಳು ಆ ವರ್ಷವೇ ಮಾವಿನಹಣ್ಣು ಬಿಟ್ಟಳು. ಸಾಯುವ ತನಕ ಮುಟ್ಟಲಿಲ್ಲ. ಕಾಕು ಮಳೆಗಾಲದವರೆಗೂ ಅವಳ ಜೊತೆ ಅಗತ್ಯವಿದ್ದಷ್ಟೇ ಮಾತಾಡಿದಳು. ಬರ್ಫ್ ಬರುವುದು ನಿಂತಿತು. ಅಮೀನ ಸಾಹೇಬರು ಬಳೆ ನೋಡಿದರೋ ಇಲ್ಲವೋ, ನೋಡಿದ್ದರೆ ಯಾವತ್ತು ತಿರುಗಿ ಬರುತ್ತಾರೋ ಎಂದು ನಾವು ದಿನಾ ಬಾಗಿಲ ಕಡೆ ಕಿವಿಯಿಟ್ಟು ಬದುಕಿದೆವು. ಖೋಲಿಯಲ್ಲಿ ಕಾಕಾ ಎದ್ದು ಕೂತ, ಗೋಡೆ ಹಿಡಿದು ನಿಂತ, ಆದರೆ ಹೊಸ್ತಿಲು ದಾಟುವಂತಿರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಪೋಲೀಸ್ ಆಕ್ಷನ್ ಆಯಿತು. ಹಿಂದೂಸ್ಥಾನದ ಫೌಜು ಬಂತು, ನಿಜಾಮ ಶರಣಾದ ಎಂದು ರೇಡಿಯೋ ಹೇಳಿತಂತೆ. ಕಾಕಾ ಚೌಕಕ್ಕೆ ಬಂದು ಬಿಸಿಲಿಗೆ ಕಣ್ಣು ಮುಚ್ಚಿ ನಿಂತ. ಇನ್ನು ಬಾಗಿಲು ತೆರೆದಿಡಬಹುದು ಎಂದುಕೊಂಡೆ. ತೆರೆದದ್ದು ನಾಲ್ಕೇ ದಿನ. ಓಣಿಯಲ್ಲಿ ಮತ್ತೆ ಗುಂಪು ಓಡಾಡಿತು, ಈ ಸಲ ನಮ್ಮ ಕಡೆಯವರದು. ಹಳ್ಳಿಗಳಿಂದ ಕೇಳಬಾರದ ಸುದ್ದಿ ಬರುತ್ತಿತ್ತು. ಒಂದು ಸಂಜೆ ಮಸ್ತಾನಚಾಚಾನ ಟಾಂಗಾ ಹಿತ್ತಲ ಬಾಗಿಲಿಗೆ ಬಂದು ನಿಂತಿತು. ಪರದೆಯ ಹಿಂದೆ ಅಮೀನ ಸಾಹೇಬರ ಹೆಂಡತಿ, ಪಕ್ಕದಲ್ಲಿ ನನ್ನ ವಾರಿಗೆಯ ಮಗಳು ನಸೀಮ. ಸಾಹೇಬರನ್ನು ಯಾರೋ ಕರೆದುಕೊಂಡು ಹೋಗಿ ಐದು ದಿನ, ಎಲ್ಲಿಗೆ ಎಂದು ಗೊತ್ತಿಲ್ಲ. ಅಪ್ಪ ಆಯಿಯನ್ನು ನೋಡಿದ, ಆಯಿ ಕಾಕಾನನ್ನು ನೋಡಿದಳು. ಕಾಕಾ ಹಣೆಯ ಕಲೆ ಮುಟ್ಟಿಕೊಂಡ.

“ಖೋಲಿ ಖಾಲಿನೇ ಅದಲ್ಲ” ಎಂದ.

ಹೀಗೆ ಆ ಖೋಲಿಗೆ ಮತ್ತೆ ಮಂದಿ ಬಂದರು, ನಾವು ಮತ್ತೆ ಪಿಸುಮಾತಿಗೆ ಬಂದೆವು. ಮರುದಿನ ಗುಂಪೊಂದು ಬಾಗಿಲು ಬಡಿದಾಗ ಕಾಕಾನೇ ಹೊಸ್ತಿಲ ಮೇಲೆ ನಿಂತು ಯಾರೂ ಇಲ್ಲ ಎಂದ. 'ಇವ ನಮ್ಮಾವ' ಎಂದು ಅವರು ಹೊರಟುಹೋದರು. ನಾನು ಒಳಗೆ ನಸೀಮಳ ಬಾಯಿಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದೆ. ಅವಳ ಉಸಿರು ನನ್ನ ಅಂಗೈಯನ್ನು ಬಿಸಿ ಮಾಡುತ್ತಿತ್ತು. ಹನ್ನೊಂದು ದಿನ ಇದ್ದು ಅವರು ಹೈದರಾಬಾದಿಗೆ, ಸಾಹೇಬರ ಬೇಗಂ ಅವರ ತವರಿಗೆ ಹೋದರು. ಅಮೀನ ಸಾಹೇಬರ ಸುದ್ದಿ ನಮಗೆ ಯಾವತ್ತೂ ಸಿಗಲಿಲ್ಲ. ಹೋಗುವ ಹಿಂದಿನ ದಿನದ ಒಂದು ಮಾತು ಮಾತ್ರ ಬರೆಯಬೇಕು.

ಸೀತಾಫಲದ ಕಾಲ ಶುರುವಾಗಿತ್ತು. ಬರ್ಫ್ ಇರಲಿಲ್ಲ. ಆಯಿ ಹಣ್ಣಿನ ತಿರುಳು ತೆಗೆದು, ಬೀಜ ಬಿಡಿಸಿ, ಸ್ವಲ್ಪ ಬೆಲ್ಲ ಹಾಕಿ ಕಲಸುತ್ತಿದ್ದಳು. ಪಕ್ಕದಲ್ಲಿ ಕೂತಿದ್ದ ಬೇಗಂ ಕಾಕುವಿನ ಕೈ ನೋಡುತ್ತಿದ್ದರು.

“ಆ ದಿವಸ ನಮ್ಮ ಸಾಬ್ ಮನಿಗಿ ಬಂದು ನನ್ನ ಕೈ ಹಿಡದು ಬಳಿ ನೋಡಿದ್ರು” ಎಂದರು. “ವಕೀಲರ ಮನಿ ಸೊಸಿ ಬಳಿ ಒಡ್ಯೂದು ಮರತಾಳ, ಒಡೀದs ಇರ್ಲಿ ಅಂದ್ರು. ಆ ರಾತ್ರಿ ಊಟ ಮಾಡ್ಲಿಲ್ಲ.” ತಮ್ಮ ಬಳೆಗಳನ್ನು ಮೊಣಕೈಯ ಕಡೆ ಸರಿಸಿಕೊಂಡರು. “ಅಮ್ಮಾ, ನಾ ಇವು ತೆಗೀಲೇನು? ಖರೇ ಹೇಳ್ರಿ.”

ಕಾಕು ಕೈಯಲ್ಲಿದ್ದ ಹಣ್ಣು ಕೆಳಗಿಟ್ಟಳು. ಆಯಿ ಕಲಸುತ್ತಿದ್ದ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ ನನ್ನನ್ನು ಕರೆದಳು.

“ಶಕ್ಕೂ, ಬಟ್ಟಲ ಎಷ್ಟ ತಂದಿ?”

ಆ ಬೇಸಿಗೆಯ ನಂತರ ನಾನು ಯಾವುದನ್ನೂ ಎರಡು ಸಲ ಎಣಿಸದೆ ಇಡುತ್ತಿರಲಿಲ್ಲ.

“ಎಂಟು, ಆಯಿ. ನಾವ್ ಆರು, ಅವ್ರಿಬ್ರು.”

“ಇನ್ನೊಂದ ತಾ.”

ನನ್ನ ಕೆನ್ನೆ ತಾನಾಗಿ ಬಿಸಿಯಾಯಿತು. “ಯಾರಿಗಿ?”

“ಅಮೀನಸಾಬರಿಗಿ.”

ನಾನು ಒಂಬತ್ತನೆಯ ಬಟ್ಟಲು ತಂದೆ. ಆಯಿ ಎಲ್ಲಕ್ಕಿಂತ ಮೊದಲು ಅದನ್ನೇ ತುಂಬಿದಳು. ಬೇಗಂ ಅವಳ ಕೈಯನ್ನೇ ನೋಡುತ್ತಿದ್ದರು, ಎಲ್ಲಿ ಇಡುತ್ತಾಳೋ ಎಂದು. ದೇವರಮನೆಯ ಕಡೆ ಅವಳು ತಿರುಗಲಿಲ್ಲ. ಬಟ್ಟಲನ್ನು ಒಲೆಯ ಪಕ್ಕದ ಗೂಡಿನಲ್ಲಿಟ್ಟು, ಮೇಲೊಂದು ತಟ್ಟೆ ಮುಚ್ಚಿದಳು. ನಮ್ಮಲ್ಲಿ ಎಡೆಗೆ ಇಟ್ಟದ್ದನ್ನು ಮುಚ್ಚುವುದಿಲ್ಲ. ಮುಚ್ಚಿಡುವುದು ತಡವಾಗಿ ಮನೆಗೆ ಬರುವವರ ಊಟವನ್ನು.